ಮಿಸ್ ವರ್ಲ್ಡೋ, ಮಿಸ್ ಯೂನಿವರ್ಸೋ, ಸುಪ್ರಾನ್ಯಾಷನಲ್ಲೋ? ಅರ್ಜಿ ತುಂಬುವ ಮೊದಲು ನೋಡಬೇಕಾದ್ದು

1994ರ ಫೆಮಿನಾ ಮಿಸ್ ಇಂಡಿಯಾ ಫೈನಲ್‌ನಲ್ಲಿ ಸುಶ್ಮಿತಾ ಸೇನ್ ಮತ್ತು ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ಇಬ್ಬರಿಗೂ ಸಮ ಅಂಕ ಬಂತು. ಹೆಚ್ಚುವರಿ ಪ್ರಶ್ನೆಯಲ್ಲಿ ಗೆದ್ದ ಸುಶ್ಮಿತಾ ಮಿಸ್ ಯೂನಿವರ್ಸ್‌ಗೆ ಹೋದರು, ಎರಡನೇ ಸ್ಥಾನದ ಐಶ್ವರ್ಯಾ ಮಿಸ್ ವರ್ಲ್ಡ್‌ಗೆ. ಇಬ್ಬರೂ ಕಿರೀಟ ತಂದರು. ಆಗೆಲ್ಲ ಒಂದೇ ಬಾಗಿಲು. ಒಳಗೆ ಹೋದ ಮೇಲೆ ಯಾರು ಎಲ್ಲಿಗೆ ಎಂದು ಸಂಘಟಕರೇ ತೀರ್ಮಾನಿಸುತ್ತಿದ್ದರು. ಈಗ ಬಾಗಿಲುಗಳು ಬೇರೆಬೇರೆ. ಫೆಮಿನಾ ಮಿಸ್ ಇಂಡಿಯಾ ಗೆದ್ದವರು ಮಿಸ್ ವರ್ಲ್ಡ್‌ಗೆ ಹೋಗುತ್ತಾರೆ. ಮಿಸ್ ಯೂನಿವರ್ಸ್‌ನ ಭಾರತದ ಲೈಸೆನ್ಸ್ (ಅಲ್ಲಿಗೆ ಸ್ಪರ್ಧಿಯನ್ನು ಕಳಿಸುವ ಹಕ್ಕು) 2024ರಿಂದ ಗ್ಲಾಮಾನಂದ್ ಸಂಸ್ಥೆಯ ಕೈಯಲ್ಲಿದೆ, ಅದಕ್ಕೆ ‘ಮಿಸ್ ಯೂನಿವರ್ಸ್ ಇಂಡಿಯಾ’ ಎಂಬ ಪ್ರತ್ಯೇಕ ಸ್ಪರ್ಧೆ. ಹಾಗಾಗಿ ಎಲ್ಲಿಗೆ ಹೋಗಬೇಕು ಎಂಬುದನ್ನು ಅರ್ಜಿ ತುಂಬುವ ದಿನವೇ ನೀವು ತೀರ್ಮಾನಿಸಿರಬೇಕು. ಒಂದು ಕಡೆ ಫೈನಲ್ ತಲುಪಿ ಕರಾರಿಗೆ ಸಹಿ ಹಾಕಿದ ಮೇಲೆ ಇನ್ನೊಂದು ಕಡೆಗೆ ಹಾರುವುದು ಸುಲಭವಲ್ಲ.

“ಯಾವುದು ದೊಡ್ಡದು?” ಎಂಬ ಪ್ರಶ್ನೆ ನೋಡುಗರಿಗೆ ಸರಿ, ಸ್ಪರ್ಧಿಗೆ ಪ್ರಯೋಜನವಿಲ್ಲ. ಸ್ಪರ್ಧಿ ಕೇಳಬೇಕಾದ್ದು ಎರಡೇ: ಅಲ್ಲಿ ಅಂಕ ಯಾವುದಕ್ಕೆ ಬೀಳುತ್ತದೆ, ಕರಾರು ಎಷ್ಟು ಕಾಲ ಕಟ್ಟಿಹಾಕುತ್ತದೆ.

ಮೊದಲು ಜರಡಿ ಹಿಡಿಯಿರಿ

ಮದುವೆಯಾಗಿದ್ದರೆ, ಮಗುವಿದ್ದರೆ, ಅಥವಾ ವಯಸ್ಸು ಮೂವತ್ತರ ಆಚೆ ಇದ್ದರೆ ಯೋಚನೆ ಬೇಗ ಮುಗಿಯುತ್ತದೆ: ದೊಡ್ಡ ಸ್ಪರ್ಧೆಗಳಲ್ಲಿ ಬಾಗಿಲು ಪೂರ್ತಿ ತೆರೆದಿರುವುದು ಮಿಸ್ ಯೂನಿವರ್ಸ್‌ನಲ್ಲಿ. ವಿವಾಹಿತರಿಗೂ ತಾಯಂದಿರಿಗೂ ಅಲ್ಲಿ 2023ರಿಂದ ಅವಕಾಶವಿದೆ, 2024ರಿಂದ ಮೇಲಿನ ವಯೋಮಿತಿಯೇ ಇಲ್ಲ. 18 ತುಂಬಿದ್ದರೆ ಸಾಕು. ಇದು ಬರೀ ಕಾಗದದ ಮಾತಲ್ಲ. 2023ರಲ್ಲೇ ಕೊಲಂಬಿಯಾದ ವಿವಾಹಿತ ತಾಯಿ ಕಮಿಲಾ ಅವೆಲ್ಲಾ ಕೊನೆಯ ಐವರಲ್ಲಿದ್ದರು. ಮಿಸ್ ವರ್ಲ್ಡ್ ಇದಕ್ಕೆ ತದ್ವಿರುದ್ಧ. 2018ರ ಮಿಸ್ ಉಕ್ರೇನ್ ಮದುವೆಯಾಗಿದ್ದವರು, ಮಗುವಿದ್ದವರು ಎಂದು ಗೊತ್ತಾದಾಗ ಪಟ್ಟವೇ ಹೋಯಿತು. ಇಂಥ ವಿಷಯ ಮುಚ್ಚಿಟ್ಟು ಅರ್ಜಿ ಹಾಕಿದರೆ, ಗೆದ್ದ ಮೇಲೆ ಬೀಳುವ ಏಟು ಸೋತಿದ್ದಕ್ಕಿಂತ ಜೋರು.

ಎತ್ತರದ ಬಗ್ಗೆ ಜನ ಸುಮ್ಮನೆ ಹೆದರುತ್ತಾರೆ. ಫೆಮಿನಾ ಮಿಸ್ ಇಂಡಿಯಾ ಇತ್ತೀಚಿನ ವರ್ಷಗಳಲ್ಲಿ ಕನಿಷ್ಠ ಎತ್ತರವನ್ನು 5 ಅಡಿ 3 ಇಂಚಿಗೆ ಇಳಿಸಿದೆ. ಅಳೆಯುವುದು ಬರಿಗಾಲಲ್ಲಿ, ಗೋಡೆಗೆ ಹಿಮ್ಮಡಿ ತಾಗಿಸಿ. ತುರುಬಿನ ಎತ್ತರ ಲೆಕ್ಕಕ್ಕಿಲ್ಲ. ಅರ್ಜಿಯಲ್ಲಿ ಒಂದು ಇಂಚು ಜಾಸ್ತಿ ಬರೆದರೆ ಆಡಿಷನ್ ದಿನವೇ ಸಿಕ್ಕಿಬೀಳುತ್ತೀರಿ. ವಯಸ್ಸು ಮತ್ತು ಎತ್ತರದ ನಿಯಮ ಯಾವಾಗ ಬೇಕಾದರೂ ಬದಲಾಗುವಂಥದ್ದು, ಆ ವರ್ಷದ ಅರ್ಜಿಯನ್ನೇ ಓದಿ.

ಮನೆಯವರು ಈಜುಡುಗೆಗೆ ಒಪ್ಪುವುದಿಲ್ಲ ಎಂದರೆ ಉಳಿಯುವುದು ಮಿಸ್ ವರ್ಲ್ಡ್. 1951ರಲ್ಲಿ ಎರಿಕ್ ಮೋರ್ಲಿ ಲಂಡನ್ನಿನಲ್ಲಿ ಇದನ್ನು ಶುರು ಮಾಡಿದ್ದೇ ಬಿಕಿನಿ ಪ್ರದರ್ಶನದ ನೆಪದಲ್ಲಿ. 1996ರಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಫೈನಲ್ ನಡೆದಾಗ ಪ್ರತಿಭಟನೆಯ ಬಿಸಿಗೆ ಈಜುಡುಗೆ ಸುತ್ತು ಸೇಶೆಲ್ಸ್ ದ್ವೀಪಕ್ಕೆ ಹೋಯಿತು. 2015ರಿಂದ ಆ ಸುತ್ತನ್ನೇ ಕೈಬಿಟ್ಟರು. ಮಿಸ್ ಯೂನಿವರ್ಸ್, ಮುಂದೆ ಹೇಳುವ ಮಿಸ್ ಸುಪ್ರಾನ್ಯಾಷನಲ್, ಗ್ರ್ಯಾಂಡ್, ಅರ್ತ್, ಇಂಟರ್‌ನ್ಯಾಷನಲ್ ಎಲ್ಲದರಲ್ಲೂ ಈಜುಡುಗೆ ಇದೆ. ಆಮೇಲೆ ನೋಡಿಕೊಳ್ಳೋಣ ಎಂದು ಈ ಮಾತನ್ನು ಮುಂದೂಡಬೇಡಿ. ಅರ್ಜಿಗೆ ಮೊದಲೇ ಮನೆಯಲ್ಲಿ ಇತ್ಯರ್ಥವಾಗಲಿ.

ಮಿಸ್ ವರ್ಲ್ಡ್: ವೇದಿಕೆಗಿಂತ ವೇದಿಕೆಯ ಹೊರಗೆ

ಟಿವಿಯಲ್ಲಿ ಫೈನಲ್ ಮಾತ್ರ ನೋಡಿದವರಿಗೆ ಮಿಸ್ ವರ್ಲ್ಡ್ ಅರ್ಥವಾಗುವುದಿಲ್ಲ. ಅರ್ಧ ಸ್ಪರ್ಧೆ ಅದಕ್ಕೆ ಮೊದಲಿನ ವಾರಗಳಲ್ಲೇ ಮುಗಿದಿರುತ್ತದೆ. 2025ರಲ್ಲಿ ಹೈದರಾಬಾದಿನಲ್ಲಿ ನಡೆದದ್ದು ಮೇ 7ರಿಂದ 31ರವರೆಗೆ. ಆ ಅವಧಿಯಲ್ಲಿ ಕ್ರೀಡೆ, ಪ್ರತಿಭೆ, ಟಾಪ್ ಮಾಡೆಲ್, ಮಲ್ಟಿಮೀಡಿಯಾ, ಮುಖಾಮುಖಿ ಮಾತಿನ ಸುತ್ತು, ‘ಬ್ಯೂಟಿ ವಿತ್ ಎ ಪರ್ಪಸ್’ ಎಂಬ ಸಮಾಜಸೇವೆಯ ಸುತ್ತು. ಇವುಗಳಲ್ಲಿ ಒಂದನ್ನು ಗೆದ್ದರೆ ನೇರವಾಗಿ ಕ್ವಾರ್ಟರ್ ಫೈನಲ್. ಭಾರತದ ನಂದಿನಿ ಗುಪ್ತಾ ಏಷ್ಯಾ ವಿಭಾಗದ ಟಾಪ್ ಮಾಡೆಲ್ ಗೆದ್ದೇ ಒಳಗೆ ಬಂದದ್ದು.

ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ಹೈದರಾಬಾದಿನಲ್ಲಿ ಸ್ಪರ್ಧೆ ಖಂಡವಾರು ನಡೆಯಿತು. ನಾಲ್ಕು ಖಂಡ, ತಲಾ ಹತ್ತು ಮಂದಿಯಂತೆ 40, ಆಮೇಲೆ ತಲಾ ಐವರಂತೆ 20, ತಲಾ ಇಬ್ಬರಂತೆ 8, ಕೊನೆಗೆ ಖಂಡಕ್ಕೊಬ್ಬರು. ಅಂದರೆ ಭಾರತದವರಿಗೆ ಎದುರಾಳಿ ಬ್ರೆಜಿಲ್ ಅಲ್ಲ, ಪೋಲೆಂಡೂ ಅಲ್ಲ. ಥಾಯ್ಲೆಂಡ್, ಫಿಲಿಪ್ಪೀನ್ಸ್, ಇಂಡೊನೇಷ್ಯಾ, ವಿಯೆಟ್ನಾಂ. ಈ ದೇಶಗಳಲ್ಲಿ ಸೌಂದರ್ಯ ಸ್ಪರ್ಧೆ ನಮ್ಮ ಕ್ರಿಕೆಟ್ಟಿದ್ದ ಹಾಗೆ. ನಂದಿನಿ ಇಪ್ಪತ್ತರಲ್ಲಿ ನಿಂತರು, ಅದೇ ಖಂಡದ ಥಾಯ್ಲೆಂಡಿನ ಓಪಲ್ ಸುಚಾತಾ ಕಿರೀಟ ಗೆದ್ದರು. ಇದೇ ಪದ್ಧತಿ ಮುಂದುವರಿದರೆ ಜಗತ್ತಿನ ಎಂಟನೇ ಅತ್ಯುತ್ತಮ ಸ್ಪರ್ಧಿಯೂ ತನ್ನ ಖಂಡದಲ್ಲಿ ಮೂರನೆಯವಳಾದರೆ ಮನೆಗೆ ಬರಬೇಕು.

ಸಮಾಜಸೇವೆಯ ಸುತ್ತಿನಲ್ಲಿ ಏನು ಕೆಡುತ್ತದೆ? ಗೆದ್ದ ಮೇಲೆ ಶುರು ಮಾಡುವುದು. ಕಂಬಳಿ ಹಂಚಿದ ನಾಲ್ಕು ಫೋಟೊ, ಅನಾಥಾಶ್ರಮದಲ್ಲಿ ಕೇಕ್ ಕತ್ತರಿಸಿದ ಎರಡು ಫೋಟೊ ನೋಡಿದರೆ ತೀರ್ಪುಗಾರರಿಗೆ ತಕ್ಷಣ ಗೊತ್ತಾಗುತ್ತದೆ. 2017ರ ವಿಜೇತೆ ಮಾನುಷಿ ಚಿಲ್ಲರ್ ವೈದ್ಯಕೀಯ ವಿದ್ಯಾರ್ಥಿನಿ. ಅವರ ‘ಪ್ರಾಜೆಕ್ಟ್ ಶಕ್ತಿ’ ಹಳ್ಳಿಗಳಲ್ಲಿ ಮುಟ್ಟಿನ ನೈರ್ಮಲ್ಯದ ಬಗ್ಗೆ. ಓದಿಗೂ ಕೆಲಸಕ್ಕೂ ಹೊಂದಿಕೆ ಇತ್ತು. ನಿಮ್ಮದೂ ಹಾಗೇ ಇರಲಿ: ಒಂದು ತಾಲ್ಲೂಕು, ಒಂದು ಸಮಸ್ಯೆ, ಕನಿಷ್ಠ ಒಂದು ವರ್ಷದ ಕೆಲಸ. ಸರ್ಕಾರಿ ಶಾಲೆಯಾದರೆ ಮುಖ್ಯಶಿಕ್ಷಕರ ಮತ್ತು ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿಯ) ಒಪ್ಪಿಗೆ ಪತ್ರ, ಶುರುವಿನ ಅಂಕಿ, ಆರು ತಿಂಗಳ ನಂತರದ ಅಂಕಿ, ದಿನಾಂಕವಿರುವ ಫೋಟೊ, ಖರ್ಚಿನ ರಸೀದಿ. ಮಕ್ಕಳ ಮುಖ ತೋರಿಸುವ ವಿಡಿಯೊಗೆ ಪೋಷಕರ ಸಹಿ ಬೇಕೇ ಬೇಕು.

ಪ್ರತಿಭೆಯ ಸುತ್ತಿಗೆ ಭರತನಾಟ್ಯ ಕಲಿತವರು ಬಹಳ ಮಂದಿ ಬರುತ್ತಾರೆ, ಬಹಳ ಮಂದಿ ಒಂದೇ ಕಡೆ ಎಡವುತ್ತಾರೆ. ಅರಂಗೇಟ್ರಂನ ಐಟಂ ಅನ್ನೇ ಮೊಟಕು ಮಾಡಿ ತರುತ್ತಾರೆ. ನಿಧಾನವಾಗಿ ಬಿಚ್ಚಿಕೊಳ್ಳುವ ವರ್ಣ ಅಲ್ಲಿ ಕೆಲಸಕ್ಕೆ ಬಾರದು. ಜತಿಯಿಂದಲೋ ತಿಲ್ಲಾನದಿಂದಲೋ ನೇರ ಶುರು ಮಾಡಿ, ಎರಡು ನಿಮಿಷದೊಳಗೆ ಮುಗಿಸುವ ಹಾಗೆ ಗುರುಗಳಿಂದಲೇ ಹೊಸದಾಗಿ ಕಟ್ಟಿಸಿಕೊಳ್ಳಿ. ಗೆಜ್ಜೆಯ ಸದ್ದು ಮೈಕಿಗೆ ಹೋಗುವುದಿಲ್ಲ ಎಂದುಕೊಂಡೇ ಸಂಗೀತ ರೆಕಾರ್ಡ್ ಮಾಡಿಸಿ.

ಮಿಸ್ ಯೂನಿವರ್ಸ್: ಮೂರು ಅಂಕ, ಒಂದು ರಾತ್ರಿ

ಈಜುಡುಗೆಯ ಕಂಪನಿಯಿಂದಲೇ 1952ರಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನಲ್ಲಿ ಹುಟ್ಟಿದ ಸ್ಪರ್ಧೆ ಇದು. ಹುಟ್ಟುಗುಣ ಇನ್ನೂ ಹೋಗಿಲ್ಲ: ಇಲ್ಲಿ ಮೈಕಟ್ಟು, ನಡಿಗೆ, ಟಿವಿಗೆ ಒಪ್ಪುವ ಗತ್ತು ಮುಖ್ಯ. ಪ್ರಾಥಮಿಕ ಹಂತದಲ್ಲಿ ಮುಚ್ಚಿದ ಬಾಗಿಲ ಸಂದರ್ಶನ, ಈಜುಡುಗೆ, ಸಂಜೆಯ ಗೌನು, ಇಷ್ಟೇ. ರಾಷ್ಟ್ರೀಯ ಉಡುಪಿನ ಪ್ರದರ್ಶನ ಎಷ್ಟೇ ಅದ್ದೂರಿಯಾದರೂ ಅದಕ್ಕೆ ಬೇರೆಯೇ ಬಹುಮಾನ. ನೂರಕ್ಕೂ ಹೆಚ್ಚು ಸ್ಪರ್ಧಿಗಳು (2024ರಲ್ಲಿ ಮೆಕ್ಸಿಕೊ ನಗರದಲ್ಲಿ 125), ಖಂಡದ ಪಾಲು ಎಂಬುದಿಲ್ಲ, ಎಲ್ಲರೂ ಒಂದೇ ಸಾಲಿನಲ್ಲಿ. ಆಮೇಲೆ 30, 12, 5. ಭಾರತಕ್ಕೆ ಸುಶ್ಮಿತಾ, 2000ದಲ್ಲಿ ಬೆಂಗಳೂರಿನಲ್ಲಿ ಓದಿದ ಲಾರಾ ದತ್ತಾ, 2021ರಲ್ಲಿ ಹರ್ನಾಜ್ ಸಂಧು ಕಿರೀಟ ತಂದಿದ್ದಾರೆ. ಆಮೇಲಿನ ವರ್ಷಗಳಲ್ಲಿ ಹದಿನಾರು, ಇಪ್ಪತ್ತು, ಮೂವತ್ತರಲ್ಲಿ ನಿಲ್ಲುತ್ತಿದ್ದೇವೆ.

ನೂರಿಪ್ಪತ್ತು ಮಂದಿ ಒಂದೇ ರಾತ್ರಿ ನಡೆಯುವಾಗ ತೀರ್ಪುಗಾರರ ಕಣ್ಣು ನಿಮ್ಮ ಮೇಲಿರುವುದು ಅರೆ ನಿಮಿಷ. ಅದಕ್ಕೇ ಇಲ್ಲಿ ಗೌನಿಗೆ ಅಷ್ಟು ಬೆಲೆ, ಗೌನಿನ ಅಂಚಿಗೆ ಅದಕ್ಕಿಂತ ಹೆಚ್ಚು. ಅಂಚು ಕತ್ತರಿಸುವಾಗ ವೇದಿಕೆಯಲ್ಲಿ ಹಾಕುವ ಅದೇ ಹೀಲ್ಸ್ ಕಾಲಲ್ಲಿರಬೇಕು. ಅಂಚು ಮುಂದೆ ನೆಲದಿಂದ ಒಂದು ಇಂಚು ಮೇಲಿರಲಿ, ಹಿಂದೆ ಬೇಕಾದಷ್ಟು ಇಳಿಯಲಿ. ಬೊಟಿಕ್‌ನವರು ನಾಲ್ಕು ಇಂಚಿನ ಹೀಲ್ಸ್‌ಗೆ ಅಳೆದು ಕೊಟ್ಟ ಗೌನನ್ನು ಆರು ಇಂಚಿನದ್ದರ ಮೇಲೆ ಹಾಕಿದರೆ ಕಣಕಾಲು ಕಾಣುತ್ತದೆ. ತಿರುಗುಮುರುಗಾದರೆ ಬಟ್ಟೆ ತುಳಿದು ಮುಗ್ಗರಿಸುತ್ತೀರಿ. ಅಮೆರಿಕದ ಸ್ಪರ್ಧಿಗಳು 2007 ಮತ್ತು 2008ರಲ್ಲಿ ಸಾಲಾಗಿ ಎರಡು ವರ್ಷ ಗೌನಿನ ಸುತ್ತಿನಲ್ಲೇ ಬಿದ್ದರು. ಹಾಗೆಂದು ಬಿದ್ದವರು ಸೋತರು ಎಂದಲ್ಲ, 2007ರಲ್ಲಿ ಬಿದ್ದವರು ಎದ್ದು ನಡೆದು ನಾಲ್ಕನೇ ರನ್ನರ್ ಅಪ್ ಆದರು. ಆದರೆ 2025ರ ಪ್ರಾಥಮಿಕ ಸುತ್ತಿನಲ್ಲಿ ಜಮೈಕಾದ ಸ್ಪರ್ಧಿ ವೇದಿಕೆಯಿಂದಲೇ ಕೆಳಗೆ ಬಿದ್ದು ಆಸ್ಪತ್ರೆ ಸೇರಬೇಕಾಯಿತು. ರಿಹರ್ಸಲ್ ದಿನ ವೇದಿಕೆಯ ತುದಿಯಿಂದ ಎಷ್ಟು ಹೆಜ್ಜೆ ಹಿಂದೆ ತಿರುಗಬೇಕು ಎಂದು ಎಣಿಸಿಟ್ಟುಕೊಳ್ಳಿ. ದೀಪ ಮುಖಕ್ಕೆ ಬಿದ್ದಾಗ ತುದಿ ಕಾಣುವುದಿಲ್ಲ.

ಒಬ್ಬಳೇ ಸ್ಪರ್ಧಿ, ಎರಡು ವೇದಿಕೆ

ಈ ಎರಡರ ವ್ಯತ್ಯಾಸ ತಿಳಿಯಲು ಫಿಲಿಪ್ಪೀನ್ಸ್‌ನ ಕ್ಯಾಟ್ರಿಯೋನಾ ಗ್ರೇ ಅವರಿಗಿಂತ ಒಳ್ಳೆಯ ಉದಾಹರಣೆಯಿಲ್ಲ. 2016ರ ಮಿಸ್ ವರ್ಲ್ಡ್‌ನಲ್ಲಿ ಕೊನೆಯ ಐವರಲ್ಲಿ ನಿಂತರು. ಅಲ್ಲಿಗೆ ಅವರು ಒಯ್ದದ್ದು ಮನಿಲಾದ ತೊಂಡೊ ಕೊಳೆಗೇರಿಯ ಪುಟ್ಟ ಮಕ್ಕಳ ಶಾಲೆಯ ಕೆಲಸ. ಎರಡು ವರ್ಷದ ನಂತರ ಬ್ಯಾಂಕಾಕಿನ ಮಿಸ್ ಯೂನಿವರ್ಸ್‌ಗೆ ಬಂದಾಗ ಜನ ನೆನಪಿಟ್ಟದ್ದು ಲಾವಾ ಬಣ್ಣದ ಕೆಂಪು ಗೌನು ಮತ್ತು ಈಜುಡುಗೆಯಲ್ಲಿ ನಿಧಾನವಾಗಿ ತಿರುಗಿದ ಆ ಒಂದು ಸುತ್ತು. ಆದರೆ ಕೊನೆಯ ಪ್ರಶ್ನೆಗೆ ಅವರು ಕೊಟ್ಟ ಉತ್ತರದಲ್ಲಿ ಬಂದದ್ದು ಅದೇ ತೊಂಡೊ. ಕಿರೀಟ ಸಿಕ್ಕಿತು. ಸಮಾಜಸೇವೆಯ ಕೆಲಸ ಒಂದು ಸ್ಪರ್ಧೆಯಿಂದ ಇನ್ನೊಂದಕ್ಕೆ ಹಾಗೇ ಬರುತ್ತದೆ. ನಡಿಗೆ, ಗೌನು, ದೇಹದ ತಯಾರಿಯನ್ನು ಹೊಸದಾಗಿ ಮಾಡಬೇಕು. ಯಾವುದಕ್ಕೆ ಹೋಗಬೇಕೆಂದು ಇನ್ನೂ ತೋಚದವರು ಮೊದಲು ಕೆಲಸ ಶುರು ಮಾಡಿ, ಗೌನಿನ ದುಡ್ಡು ಆಮೇಲೆ ಖರ್ಚು ಮಾಡಿದರೆ ನಷ್ಟವಿಲ್ಲ.

ಕನ್ನಡದ ಹುಡುಗಿಯರಿಗೆ ಒಲಿದ ಸುಪ್ರಾನ್ಯಾಷನಲ್

ಪೋಲೆಂಡಿನಲ್ಲಿ 2009ರಲ್ಲಿ ಶುರುವಾದ ಮಿಸ್ ಸುಪ್ರಾನ್ಯಾಷನಲ್ ಹೆಸರು ನಮ್ಮಲ್ಲಿ ಅಷ್ಟಾಗಿ ಓಡಾಡುವುದಿಲ್ಲ. ಆದರೆ ಅದನ್ನು ಗೆದ್ದ ಮೊದಲ ಭಾರತೀಯಳು ಭದ್ರಾವತಿಯ ಆಶಾ ಭಟ್ (2014), ಎರಡನೆಯವರು ಮಂಗಳೂರಿನ ಶ್ರೀನಿಧಿ ಶೆಟ್ಟಿ (2016). ಇಬ್ಬರೂ ಎಂಜಿನಿಯರಿಂಗ್ ಓದಿದವರು, ಇಬ್ಬರೂ ಆಮೇಲೆ ಕನ್ನಡ ಸಿನಿಮಾಕ್ಕೆ ಬಂದರು. ಕಾಕತಾಳೀಯ ಎನ್ನಿ, ಆದರೂ ಲೆಕ್ಕ ಹಾಕುವವರು ಹಾಕಬೇಕು: ದೇಶದೊಳಗಿನ ಸ್ಪರ್ಧೆಯಲ್ಲಿ ಮೊದಲ ಸ್ಥಾನ ತಪ್ಪಿದವರಿಗೆ ಸಿಗುವ ಇಂಥ ಪಟ್ಟವನ್ನು ‘ಸಮಾಧಾನಕರ ಬಹುಮಾನ’ ಎಂದು ಕಡೆಗಣಿಸಿದವರು ಹೆಚ್ಚು, ಗೆದ್ದು ಬಂದವರು ಇವರು.

ಇಲ್ಲಿನ ಒಲವು ಫ್ಯಾಷನ್ ಮಾಡೆಲ್ ತರಹದ ನಡಿಗೆ ಮತ್ತು ಕ್ಯಾಮೆರಾ ಮುಂದಿನ ಸಹಜ ಮಾತಿನ ಕಡೆಗೆ. ‘ಸುಪ್ರಾ ಚಾಟ್’ ಎಂಬ ಆನ್‌ಲೈನ್ ಹರಟೆ, ‘ಸುಪ್ರಾ ಮಾಡೆಲ್’, ಅಭಿಮಾನಿಗಳ ಮತ, ಹೀಗೆ ಮುಂದಿನ ಹಂತಕ್ಕೆ ಬೇರೆ ಬೇರೆ ದಾರಿಗಳಿವೆ. ಭಾಷಣ ಬಾಯಿಪಾಠ ಮಾಡಿದವರು ಚಾಟ್‌ನಲ್ಲಿ ಒಣಗಿಹೋಗುತ್ತಾರೆ. ದೊಡ್ಡ ದುಡ್ಡಿನ ಬೆಂಬಲವಿಲ್ಲದ, ಮಾಡೆಲಿಂಗ್ ಅಥವಾ ಸಿನಿಮಾ ಗುರಿಯಾಗಿರುವ ಹುಡುಗಿಗೆ ನಮ್ಮ ಮೊದಲ ಸಲಹೆ ಇದೇ.

ಉಳಿದವು ಚುಟುಕಾಗಿ. ಮಿಸ್ ಅರ್ತ್ ಫಿಲಿಪ್ಪೀನ್ಸ್‌ನಲ್ಲಿ 2001ರಲ್ಲಿ ಹುಟ್ಟಿತು, ವಿಷಯ ಪರಿಸರ. ಬೆಂಗಳೂರಿನ ನಿಕೋಲ್ ಫರಿಯಾ 2010ರಲ್ಲಿ ವಿಯೆಟ್ನಾಂನಲ್ಲಿ ಗೆದ್ದರು. ಸಸಿ ನೆಟ್ಟ ಫೋಟೊ ಇಲ್ಲಿ ಎಲ್ಲರ ಬಳಿಯೂ ಇರುತ್ತದೆ, ಆ ಸಸಿ ಬದುಕಿತೇ ಎನ್ನುವುದಕ್ಕೆ ನಿಮ್ಮಲ್ಲಿ ಉತ್ತರವಿರಲಿ. ಮಿಸ್ ಇಂಟರ್‌ನ್ಯಾಷನಲ್ ಜಪಾನಿನದು, ಸೌಮ್ಯ ಸ್ವಭಾವದ ಸ್ಪರ್ಧೆ, ಕೂಗಾಟವಿಲ್ಲ. ಥಾಯ್ಲೆಂಡಿನ ಮಿಸ್ ಗ್ರ್ಯಾಂಡ್ ಪೂರ್ತಿ ಉಲ್ಟಾ: ದೇಶದ ಹೆಸರನ್ನು ಗಂಟಲು ಹರಿಯುವ ಹಾಗೆ ಕೂಗಬೇಕು, ಯುದ್ಧ ನಿಲ್ಲಿಸಿ ಎಂದು ಭಾಷಣ ಮಾಡಬೇಕು, ದುಡ್ಡು ಕೊಟ್ಟು ಹಾಕುವ ಆನ್‌ಲೈನ್ ಮತಗಳ ಕಾಟವೂ ಇದೆ. ಹಿಂದೆ ದೊಡ್ಡ ಅಭಿಮಾನಿ ಬಳಗವಿಲ್ಲದಿದ್ದರೆ ಕಷ್ಟ.

ಕಾಯುವ ಕಾಲ ಮತ್ತು ಕರಾರು

ಯಾರೂ ಮೊದಲೇ ಹೇಳದ ಖರ್ಚು ಕಾಯುವುದು. ಮುಂಬೈಯಲ್ಲಿ ಹುಟ್ಟಿ ಕರ್ನಾಟಕದ ಪರವಾಗಿ ನಿಂತ ಸಿನಿ ಶೆಟ್ಟಿ ಮಿಸ್ ಇಂಡಿಯಾ ಆದದ್ದು 2022ರ ಜುಲೈಯಲ್ಲಿ. ಮಿಸ್ ವರ್ಲ್ಡ್ ವೇದಿಕೆ ಹತ್ತಿದ್ದು 2024ರ ಮಾರ್ಚ್‌ನಲ್ಲಿ. ನಂದಿನಿ ಗುಪ್ತಾ 2023ರ ಏಪ್ರಿಲ್‌ನಿಂದ 2025ರ ಮೇವರೆಗೆ ಕಾದರು. ಎರಡು ವರ್ಷ ಮೈ, ತ್ವಚೆ, ನಡಿಗೆ ಎಲ್ಲವನ್ನೂ ಹದದಲ್ಲಿಟ್ಟು, ಓದು ಕೆಲಸಗಳನ್ನು ಅರ್ಧಂಬರ್ಧ ಮಾಡಿ ಕಾಯಬೇಕು. ಮಿಸ್ ಯೂನಿವರ್ಸ್‌ನಲ್ಲಿ ತೊಂದರೆ ಇನ್ನೊಂದು ಬಗೆಯದು: ರಿಯಾ ಸಿಂಘಾ 2024ರ ಸೆಪ್ಟೆಂಬರ್‌ನಲ್ಲಿ ಭಾರತದ ಕಿರೀಟ ಗೆದ್ದರು, ನವೆಂಬರ್‌ನಲ್ಲಿ ಮೆಕ್ಸಿಕೊದಲ್ಲಿದ್ದರು. ಅಷ್ಟರೊಳಗೆ ವೀಸಾ, ಗೌನು, ರಾಷ್ಟ್ರೀಯ ಉಡುಪು ಎಲ್ಲ ಆಗಬೇಕು. ಪದವಿಯ ಕೊನೆಯ ವರ್ಷದಲ್ಲಿರುವವರು ಈ ಎರಡರಲ್ಲಿ ಯಾವ ಕಷ್ಟ ತಾಳಬಲ್ಲೆ ಎಂದು ಯೋಚಿಸಿ. ಪಾಸ್‌ಪೋರ್ಟ್ ಮಾತ್ರ ಅರ್ಜಿ ಹಾಕುವ ಮುಂಚೆಯೇ ಕೈಯಲ್ಲಿರಲಿ, ಅವಧಿ ಒಂದೂವರೆ ವರ್ಷವಾದರೂ ಉಳಿದಿರಲಿ.

ಕರಾರಿನಲ್ಲಿ ಐದು ಸಾಲು ಹುಡುಕಿ. ಎಷ್ಟು ವರ್ಷ ಬೇರೆ ಸ್ಪರ್ಧೆ, ಜಾಹೀರಾತು, ಸಿನಿಮಾ ಒಪ್ಪಬಾರದು. ದುಡಿಮೆಯಲ್ಲಿ ಸಂಸ್ಥೆಗೆ ಶೇಕಡಾ ಎಷ್ಟು. ವಿದೇಶದ ವಿಮಾನ, ಗೌನು, ಕೋಚ್ ಖರ್ಚು ಯಾರದ್ದು. ಸೋಷಿಯಲ್ ಮೀಡಿಯಾದಲ್ಲಿ ಪ್ರಾಯೋಜಕರ ಪೋಸ್ಟ್ ಎಷ್ಟು ಹಾಕಬೇಕು. ಬಿಟ್ಟು ಹೋದರೆ ದಂಡ ಏನು. ಇವು ಊಹೆಯ ತೊಂದರೆಗಳಲ್ಲ. ಓಪಲ್ ಸುಚಾತಾ 2024ರ ಮಿಸ್ ಯೂನಿವರ್ಸ್‌ನಲ್ಲಿ ಮೂರನೇ ರನ್ನರ್ ಅಪ್; ಮಿಸ್ ವರ್ಲ್ಡ್‌ಗೆ ಹೊರಟಾಗ ಆ ಪಟ್ಟವನ್ನು ಸಂಸ್ಥೆ ಹಿಂದಕ್ಕೆ ಪಡೆಯಿತು. ಅವರಿಗೆ ಅದಕ್ಕಿಂತ ದೊಡ್ಡದು ಸಿಕ್ಕಿತು, ಎಲ್ಲರಿಗೂ ಸಿಗದು. ಮಿಸ್ ಗ್ರ್ಯಾಂಡ್ ಗೆದ್ದ ಮೊದಲ ಭಾರತೀಯಳು ರೇಚಲ್ ಗುಪ್ತಾ (2024). 2025ರ ಮೇನಲ್ಲಿ ಕಿರೀಟ ವಾಪಸ್ ಕೊಡುತ್ತೇನೆ ಎಂದು ಅವರು ಹೇಳಿದರು, ನಾವೇ ತೆಗೆದೆವು ಎಂದು ಸಂಸ್ಥೆ ಹೇಳಿತು. 2025ರಲ್ಲಿ ಥಾಯ್ಲೆಂಡಿನಲ್ಲಿ ನಡೆದ ಮಿಸ್ ಯೂನಿವರ್ಸ್‌ನಲ್ಲಿ ಪ್ರಚಾರದ ಪೋಸ್ಟ್ ವಿಚಾರಕ್ಕೆ ಮೆಕ್ಸಿಕೊದ ಸ್ಪರ್ಧಿಯನ್ನು ಎಲ್ಲರೆದುರು ಗದರಿಸಿದಾಗ ಹಲವರು ಎದ್ದು ಹೊರನಡೆದರು. ಆ ಫಾತಿಮಾ ಬೋಷ್ ಅವರೇ ಕೊನೆಗೆ ಗೆದ್ದರು. ಕರಾರನ್ನು ಸಹಿಗೆ ಮೊದಲು ಮನೆಗೆ ಒಯ್ಯಲು ಬಿಡದವರ ಬಳಿ ಸಹಿ ಹಾಕಬೇಡಿ. ಗುತ್ತಿಗೆ ಕಾನೂನು ಬಲ್ಲ ವಕೀಲರು ಒಂದು ತಾಸು ಓದಿದರೆ ಸಾಕು.

ಹೆಸರಿನ ಮೋಸವೂ ಜೋರಾಗಿದೆ. ಮಿಸ್, ಕ್ವೀನ್, ವರ್ಲ್ಡ್, ಇಂಟರ್‌ನ್ಯಾಷನಲ್ ಎಂಬ ಪದಗಳನ್ನು ಹೇಗೆ ಬೇಕಾದರೂ ಜೋಡಿಸಿ ಹೋಟೆಲ್ ಹಾಲ್‌ನಲ್ಲಿ ಸ್ಪರ್ಧೆ ನಡೆಸುವವರಿದ್ದಾರೆ. ಮೂಲ ಅಂತರರಾಷ್ಟ್ರೀಯ ಸಂಸ್ಥೆಯ ಅಧಿಕೃತ ಪುಟದಲ್ಲಿ ಭಾರತದ ಲೈಸೆನ್ಸ್ ಯಾರದು ಎಂದು ನೋಡಿ. ಕಳೆದ ವರ್ಷ ಇಲ್ಲಿ ಗೆದ್ದವರು ನಿಜಕ್ಕೂ ವಿದೇಶದ ವೇದಿಕೆಯಲ್ಲಿ ಭಾರತದ ಸ್ಯಾಶ್ ಹಾಕಿ ನಿಂತಿದ್ದರೇ ಎಂದು ವಿಡಿಯೊ ಹುಡುಕಿ. ‘ಸುಂದರ ನಗು’, ‘ಸುಂದರ ಕೂದಲು’ ಎಂದು ಬಂದವರಿಗೆಲ್ಲ ಪಟ್ಟ ಹಂಚಿ, ಪ್ರತಿ ಪಟ್ಟಕ್ಕೂ ಪ್ಯಾಕೇಜ್ ದರ ಹೇಳುತ್ತಿದ್ದರೆ ಅಲ್ಲಿ ನೀವು ಸ್ಪರ್ಧಿಯಲ್ಲ, ಗಿರಾಕಿ.

ಪೆಟ್ಟಿಗೆ ಮತ್ತು ಉತ್ತರ

ರಾಷ್ಟ್ರೀಯ ಉಡುಪು ಯೂನಿವರ್ಸ್‌ನಲ್ಲೂ ಗ್ರ್ಯಾಂಡ್‌ನಲ್ಲೂ ದೊಡ್ಡ ಸುದ್ದಿ. ಮಂಗಳೂರಿನಲ್ಲಿ ಹುಟ್ಟಿದ ದಿವಿತಾ ರೈ 2022ರ ಮಿಸ್ ಯೂನಿವರ್ಸ್‌ಗೆ ಚಿನ್ನದ ಹಕ್ಕಿಯ ರೆಕ್ಕೆ ಕಟ್ಟಿಕೊಂಡು ಹೋಗಿದ್ದರು. ರೆಕ್ಕೆಯ ಚಂದ ಆಮೇಲೆ, ಅದು ವಿಮಾನ ಹತ್ತುತ್ತದೆಯೇ ಎನ್ನುವುದು ಮೊದಲು. ಹೆಚ್ಚಿನ ವಿಮಾನಗಳಲ್ಲಿ ಮಾಮೂಲಿ ಚೆಕ್-ಇನ್ ಪೆಟ್ಟಿಗೆ 23 ಕೆಜಿ, ಉದ್ದ ಅಗಲ ಎತ್ತರ ಸೇರಿ 158 ಸೆಂಟಿಮೀಟರ್ ಮೀರಬಾರದು. ಡಿಸೈನರ್‌ಗೆ ಈ ಅಳತೆ ಮೊದಲೇ ಕೊಟ್ಟು, ರೆಕ್ಕೆ ಕಿರೀಟಗಳು ಬಿಚ್ಚಿ ಜೋಡಿಸುವಂತಿರಲಿ ಎನ್ನಿ. ಬಿಚ್ಚಿದ ಭಾಗಗಳನ್ನು ಡಿಸೈನರ್ ಇಲ್ಲದೆ ಇಪ್ಪತ್ತು ನಿಮಿಷದಲ್ಲಿ ನೀವೇ ಜೋಡಿಸಲು ಕಲಿಯಿರಿ, ವೇದಿಕೆಯ ಹಿಂದೆ ಬೇರೆ ಯಾರೂ ಇರುವುದಿಲ್ಲ. ಎಲ್‌ಇಡಿ ಇದ್ದರೆ ಪವರ್ ಬ್ಯಾಂಕ್ 100 ವ್ಯಾಟ್-ಅವರ್ ಒಳಗಿನದ್ದಾಗಿರಲಿ, ಕೈಚೀಲದಲ್ಲೇ ಇರಲಿ. ಪೆಟ್ಟಿಗೆಯಲ್ಲಿ ಹಾಕಿದರೆ ವಿಮಾನ ನಿಲ್ದಾಣದಲ್ಲಿ ತೆಗೆದಿಡುತ್ತಾರೆ. ಹೀಲ್ಸ್ ಎರಡು ಜೊತೆ ಒಯ್ಯಿರಿ, ಎರಡೂ ಮೊದಲೇ ಹಾಕಿ ಪಳಗಿಸಿದ್ದಾಗಿರಲಿ. ಒಂದು ಗೌನು ಮತ್ತು ಒಂದು ಜೊತೆ ಹೀಲ್ಸ್ ಕೈಚೀಲದಲ್ಲಿದ್ದರೆ ಪೆಟ್ಟಿಗೆ ತಡವಾದರೂ ಮೊದಲ ದಿನ ದಾಟುತ್ತದೆ.

ಕೊನೆಯ ಪ್ರಶ್ನೆಯ ಉತ್ತರಕ್ಕೆ ಸಿಗುವುದು ಅರ್ಧ ನಿಮಿಷದ ಆಸುಪಾಸು, ಇಂಗ್ಲಿಷಿನಲ್ಲಿ ಸುಮಾರು 70 ಪದ. “ತುಂಬಾ ಒಳ್ಳೆಯ ಪ್ರಶ್ನೆ, ಧನ್ಯವಾದ” ಎಂದು ಶುರು ಮಾಡಿದವರು ಐದಾರು ಸೆಕೆಂಡ್ ಕಳೆದುಕೊಂಡಿರುತ್ತಾರೆ. ಮೊದಲ ವಾಕ್ಯದಲ್ಲೇ ಉತ್ತರ, ಎರಡನೆಯದರಲ್ಲಿ ಕಾರಣ, ಮೂರನೆಯದರಲ್ಲಿ ನಿಮ್ಮ ಕೆಲಸದಿಂದ ಒಂದು ನಿಜವಾದ ಸಂಗತಿ, ಅಲ್ಲಿಗೆ ನಿಲ್ಲಿಸಿ. ಇಂಗ್ಲಿಷ್ ಕಡ್ಡಾಯವಲ್ಲ, ಲ್ಯಾಟಿನ್ ಅಮೆರಿಕದ ಸ್ಪರ್ಧಿಗಳು ದುಭಾಷಿಯನ್ನಿಟ್ಟುಕೊಂಡು ಸ್ಪ್ಯಾನಿಷ್‌ನಲ್ಲೇ ಉತ್ತರಿಸಿ ಗೆದ್ದಿದ್ದಾರೆ. ಕನ್ನಡದಲ್ಲೇ ಚೆನ್ನಾಗಿ ಯೋಚಿಸಬಲ್ಲವರು ದುಭಾಷಿ ಬೇಕೆಂದು ಸಂಘಟಕರಿಗೆ ಮೊದಲೇ ತಿಳಿಸಿ, ಆ ದುಭಾಷಿಯ ಜೊತೆಗೇ ಅಭ್ಯಾಸ ಮಾಡಿ. ವಾಕ್ಯ ಚಿಕ್ಕದಿರಲಿ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಯಲ್ಲಿ, ಅದು ಕಿವಿಗೆ ಬೀಳುವವರೆಗೆ ದುಭಾಷಿ ಬಾಯಿ ತೆರೆಯಲಾರರು.